ಸಾಧಕರ ಕುರ್ಚಿಯೂ ಕರಾವಳಿಯ ಮೂರು ತಾಲೂಕುಗಳೂ: ‘ವೀಕೆಂಡ್ ವಿತ್ ರಮೇಶ್’ ಸರಣಿಯ ಸುತ್ತ

ಹೆಸರು ಮಾಡಿದವರ ಬದುಕಿನ ಕಥೆಯನ್ನು ಅವರ ಬಾಯಿಂದಲೂ ಅವರನ್ನು ಹತ್ತಿರದಿಂದ ಬಲ್ಲವರ ಬಾಯಿಂದಲೂ ಹೇಳಿಸುವ ‘ವೀಕೆಂಡ್ ವಿತ್ ರಮೇಶ್’, ಕನ್ನಡ ಕಿರುತೆರೆಯ ಬಹು ಜನಪ್ರಿಯ ಸಂದರ್ಶನ ಸರಣಿಗಳಲ್ಲೊಂದು. ಜೀ ಕನ್ನಡ ವಾಹಿನಿಯಲ್ಲಿ 2014ರ ಆಗಸ್ಟ್ ತಿಂಗಳಲ್ಲಿ ಆರಂಭವಾದ ಈ ಕಾರ್ಯಕ್ರಮ ವಾರಾಂತ್ಯದ ರಾತ್ರಿಗಳಲ್ಲಿ ಪ್ರಸಾರವಾಗುತ್ತಿತ್ತು. 2023ರವರೆಗೆ ಐದು ಆವೃತ್ತಿಗಳನ್ನು ಪೂರೈಸಿತು. ಐದರಲ್ಲೂ ನಿರೂಪಕರು ನಟ, ನಿರ್ದೇಶಕ ರಮೇಶ್ ಅರವಿಂದ್.

ಬೆಂಗಳೂರಿನಲ್ಲಿ ಚಿತ್ರೀಕರಣಗೊಂಡ ಈ ಸರಣಿಯನ್ನು ಉತ್ತರ ಕನ್ನಡದ ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳಿಂದ ನೋಡುವುದಕ್ಕೆ ಕಾರಣವಿದೆ. ಕನ್ನಡದ ಬೆಳ್ಳಿತೆರೆಗೂ ಕಿರುತೆರೆಗೂ ಈ ಕಡಲಂಚಿನ ಪಟ್ಟಿ ಕೊಟ್ಟ ಹೆಸರುಗಳು ಅದರ ಗಾತ್ರಕ್ಕೆ ಮೀರಿದವು. ಬದುಕನ್ನು ಸಭೆಯ ಎದುರು ಹೇಳುವ, ಹೇಳಿಸುವ, ಪ್ರಶ್ನಿಸುವ ಪದ್ಧತಿಯೂ ಇಲ್ಲಿ ಟೀವಿಗಿಂತ ಹಳೆಯದು. ಆ ಪದ್ಧತಿಯ ಎದುರಿಗಿಟ್ಟು ನೋಡಿದಾಗ ಕಾರ್ಯಕ್ರಮದ ಬಲವೂ ಮಿತಿಯೂ ಒಟ್ಟಿಗೇ ಕಾಣುತ್ತವೆ.

ಕುರ್ಚಿಯ ಸುತ್ತ

ಕಾರ್ಯಕ್ರಮದ ಸ್ವರೂಪ ಸರಳ. ವೇದಿಕೆಯ ನಡುವೆ ಒಂದು ಕೆಂಪು ಕುರ್ಚಿ. ಅದಕ್ಕೆ ‘ಸಾಧಕರ ಸೀಟು’ ಎಂಬ ಹೆಸರು. ಅತಿಥಿ ಅದರಲ್ಲಿ ಕುಳಿತ ಮೇಲೆ ಹುಟ್ಟೂರಿನಿಂದ ಕಥೆ ತೊಡಗುತ್ತದೆ. ಹಳೆಯ ಭಾವಚಿತ್ರಗಳು, ಓದಿದ ಶಾಲೆ, ಮೊದಲು ಬಾಡಿಗೆಗಿದ್ದ ಮನೆ ಪರದೆಯ ಮೇಲೆ ಮೂಡುತ್ತವೆ. ಮಾತಿನ ನಡುವೆ ಎಂದೋ ಕಲಿಸಿದ ಮೇಷ್ಟ್ರು, ಒಂದೇ ಕೋಣೆಯಲ್ಲಿ ದಿನ ಕಳೆದ ಗೆಳೆಯ, ದೂರದ ಊರಿನ ಅಕ್ಕ ವೇದಿಕೆಗೆ ಬರುತ್ತಾರೆ. ಬರಲಾಗದವರು ಮುದ್ರಿತ ದೃಶ್ಯದ ಮೂಲಕ ನಾಲ್ಕು ಮಾತು ಹೇಳುತ್ತಾರೆ. ಕೊನೆಗೆ ಅತಿಥಿ ತಾನು ಬದುಕಿನಿಂದ ಕಲಿತದ್ದನ್ನು ಕಿರಿಯರಿಗಾಗಿ ಹೇಳುತ್ತಾನೆ ಅಥವಾ ಹೇಳುತ್ತಾಳೆ.

ಈ ಕೊನೆಯ ಭಾಗ, ಅಂದರೆ ಜೀವನಪಾಠ, ಸಾಮಾನ್ಯವಾಗಿ ಸಂಚಿಕೆಯ ಅತ್ಯಂತ ದುರ್ಬಲ ಭಾಗ. ಪರಿಶ್ರಮ ಪಡಬೇಕು, ತಂದೆತಾಯಿಯನ್ನು ಮರೆಯಬಾರದು ಎಂಬ ಮಾತುಗಳಿಗೆ ಅಷ್ಟು ದೊಡ್ಡ ವೇದಿಕೆ ಬೇಕಿರಲಿಲ್ಲ. ನೋಡುಗನಿಗೆ ನೆನಪುಳಿಯುವುದು ಸಾಕ್ಷಿಗಳು. ಖ್ಯಾತನಾದವನು ತನ್ನ ಬಡತನವನ್ನು ತಾನೇ ವರ್ಣಿಸಿದರೆ ಅದು ಭಾಷಣವಾಗಬಹುದು. ಅವನಿಗೆ ಅಂದು ಊಟ ಹಾಕಿದವರು ಎದುರು ನಿಂತು ಆ ಊಟದ ಮಾತೆತ್ತಿದರೆ ಭಾಷಣಕ್ಕೆ ಜಾಗವೇ ಇರುವುದಿಲ್ಲ. ತೆರೆಯ ಹಿಂದಿನ ಸಂಶೋಧನಾ ತಂಡದ ಶ್ರಮ ಇಂಥ ಕ್ಷಣಗಳಲ್ಲಿ ಸಾರ್ಥಕವಾಗಿದೆ.

ಈ ಬಗೆಯ ಕಾರ್ಯಕ್ರಮದ ಮೂಲ ಅಮೆರಿಕೆಯದು. ರಾಲ್ಫ್ ಎಡ್ವರ್ಡ್ಸ್ 1948ರಲ್ಲಿ ಎನ್‌ಬಿಸಿ ರೇಡಿಯೊದಲ್ಲಿ ತೊಡಗಿಸಿದ ‘ದಿಸ್ ಈಸ್ ಯುವರ್ ಲೈಫ್’ 1952ರಲ್ಲಿ ಟೀವಿಗೆ ಬಂತು. 1955ರಲ್ಲಿ ಬ್ರಿಟನ್ನಿನ ಬಿಬಿಸಿ ಅದನ್ನು ತನ್ನದಾಗಿಸಿಕೊಂಡಿತು. ಹಿಂದಿಯಲ್ಲಿ ಜೀ ಟೀವಿಗಾಗಿ ನಟ ಫಾರೂಕ್ ಶೇಖ್ ನಡೆಸಿಕೊಟ್ಟ ‘ಜೀನಾ ಇಸೀ ಕಾ ನಾಮ್ ಹೈ’ ಇದೇ ಜಾಡಿನದು. ಕನ್ನಡದಲ್ಲಿ ರಮೇಶ್ ಅವರಿಗೂ ಈ ಕೆಲಸ ಹೊಸದಾಗಿರಲಿಲ್ಲ; ಇದಕ್ಕೂ ಮೊದಲು ಕಸ್ತೂರಿ ವಾಹಿನಿಯಲ್ಲಿ ‘ಪ್ರೀತಿಯಿಂದ ರಮೇಶ್’ ಎಂಬ ಮಾತುಕತೆಯ ಕಾರ್ಯಕ್ರಮ ನಡೆಸಿದ್ದರು.

ಕುಳಿತವರು ಯಾರು?

ಮೊದಲ ಆವೃತ್ತಿಯ ಮೊದಲ ಅತಿಥಿ ಪುನೀತ್ ರಾಜಕುಮಾರ್. ಆಗ ಅದು ತಾರೆಯೊಬ್ಬನ ಲವಲವಿಕೆಯ ಸಂಚಿಕೆಯಾಗಿತ್ತು. 2021ರ ಅಕ್ಟೋಬರ್ 29ರಂದು, 46ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡ ಬಳಿಕ ಅದೇ ಸಂಚಿಕೆ ದಾಖಲೆಯಾಗಿಬಿಟ್ಟಿತು. ಅಭಿಮಾನಿಗಳು ಅದನ್ನು ಈಗ ನೋಡುವ ಬಗೆಯೇ ಬೇರೆ. ಮನರಂಜನೆಗೆಂದು ತೆಗೆದದ್ದು ಮನೆಯ ಆಲ್ಬಮ್ಮಿನ ಪುಟವಾಗುವುದಕ್ಕೆ ಏಳು ವರ್ಷ ಸಾಕಾಯಿತು.

ಚಿತ್ರರಂಗದಿಂದ ಹೊರಗಿನವರೂ ಕುರ್ಚಿಯಲ್ಲಿ ಕುಳಿತಿದ್ದಾರೆ. 2017ರ ಮೂರನೆಯ ಆವೃತ್ತಿಯಲ್ಲಿ ಅಂದು ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯ ಬಂದರು. 2019ರ ನಾಲ್ಕನೆಯ ಆವೃತ್ತಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆ ಅವರಿಂದ ತೊಡಗಿತು. ಇನ್ಫೋಸಿಸ್ ಸ್ಥಾಪಕ ನಾರಾಯಣಮೂರ್ತಿ ಮತ್ತು ಲೇಖಕಿ ಸುಧಾಮೂರ್ತಿ ದಂಪತಿ ಬಂದದ್ದೂ ಅದರಲ್ಲಿಯೇ. 2023ರ ಐದನೆಯ ಆವೃತ್ತಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಸಿ.ಎನ್. ಮಂಜುನಾಥ್, ಶಿಕ್ಷಣತಜ್ಞ ಡಾ. ಗುರುರಾಜ ಕರಜಗಿ ಅತಿಥಿಗಳಾಗಿದ್ದರು. ಆ ಆವೃತ್ತಿ ನಟಿ ರಮ್ಯಾ ಅವರಿಂದ ಆರಂಭವಾಗಿ, ಆಗಷ್ಟೇ ಉಪಮುಖ್ಯಮಂತ್ರಿಯಾಗಿದ್ದ ಡಿ.ಕೆ. ಶಿವಕುಮಾರ್ ಅವರೊಂದಿಗೆ ಮುಗಿಯಿತು. ಮೊದಲ ಸಂಚಿಕೆಯಲ್ಲಿ ಇಂಗ್ಲಿಷ್ ಹೆಚ್ಚಾಯಿತು ಎಂಬ ಟೀಕೆ ಸಾಮಾಜಿಕ ಜಾಲತಾಣಗಳಲ್ಲಿ ಜೋರಾಗಿಯೇ ಕೇಳಿಬಂದಿತ್ತು. ಜನ ಈ ಕುರ್ಚಿಯನ್ನು ತಮ್ಮದೆಂದು ಬಗೆದಿದ್ದರು ಎಂಬುದಕ್ಕೆ ಆ ಸಿಟ್ಟೂ ಒಂದು ಗುರುತು.

ಆದರೂ ಬಹುಪಾಲು ಸಂಚಿಕೆಗಳು ಸಿನಿಮಾದವರಿಗೇ ಸಂದಿವೆ. ವಾಹಿನಿಯ ಲೆಕ್ಕಾಚಾರದಲ್ಲಿ ಅದು ಸಹಜ. ಜನ ಮುಖ ನೋಡಿ ನಿಲ್ಲುತ್ತಾರೆ. ಹಾಗಾಗಿ ‘ಸಾಧಕ’ ಎಂಬ ಪದದ ಅರ್ಥ ಮಾತ್ರ ತುಸು ಕಿರಿದಾಯಿತು.

ಯಾಣದ ನೆನಪು

ರಮೇಶ್ ಅರವಿಂದ್ ಕರಾವಳಿಯವರಿಗೆ ಟೀವಿಯಿಂದಲೇ ಪರಿಚಯವಾದವರಲ್ಲ. 1996ರಲ್ಲಿ ತೆರೆಕಂಡ ಸುನೀಲ್ ಕುಮಾರ್ ದೇಸಾಯಿ ನಿರ್ದೇಶನದ ‘ನಮ್ಮೂರ ಮಂದಾರ ಹೂವೆ’ ಚಿತ್ರದಲ್ಲಿ ಶಿವರಾಜಕುಮಾರ್, ಪ್ರೇಮಾ ಅವರೊಂದಿಗೆ ನಟಿಸಿದ್ದರು. ಕುಮಟಾ ತಾಲೂಕಿನ ಯಾಣದ ಕಪ್ಪು ಶಿಲಾಶಿಖರಗಳು ರಾಜ್ಯದ ಉಳಿದ ಭಾಗದವರ ಕಣ್ಣಿಗೆ ದೊಡ್ಡದಾಗಿ ಬಿದ್ದದ್ದು ಆ ಚಿತ್ರದಿಂದ. ಅಲ್ಲಿಯವರೆಗೆ ಶಿವರಾತ್ರಿಯ ಜಾತ್ರೆಗೆ ಕಾಡುದಾರಿ ತುಳಿಯುತ್ತಿದ್ದವರ ಯಾಣ, ಬಳಿಕ ಪ್ರವಾಸಿಗರ ಯಾಣವೂ ಆಯಿತು.

ನಿರೂಪಕ ಹೀಗೆ ಹೊರಗಿನಿಂದ ಬಂದು ಹೋದವರಾದರೆ, ಇದೇ ನೆಲದಿಂದ ಹೊರಟು ಕನ್ನಡ ಟೀವಿಯಲ್ಲಿ ಇನ್ನೊಂದು ಬಗೆಯ ಮಾತುಕತೆಗೆ ದಾರಿ ಹಾಕಿದವರು ಜಯಂತ ಕಾಯ್ಕಿಣಿ. ಕುಮಟಾ ತಾಲೂಕಿನ ಗೋಕರ್ಣದಲ್ಲಿ 1955ರಲ್ಲಿ ಜನಿಸಿದ ಅವರು, ಶಿಕ್ಷಕರೂ ಚಿಂತಕರೂ ಆಗಿದ್ದ ಗೌರೀಶ ಕಾಯ್ಕಿಣಿಯವರ ಮಗ. ಧಾರವಾಡದಲ್ಲಿ ಜೀವರಸಾಯನಶಾಸ್ತ್ರ ಓದಿ, ಎರಡು ದಶಕಕ್ಕೂ ಹೆಚ್ಚು ಕಾಲ ಮುಂಬಯಿಯಲ್ಲಿದ್ದು ಬೆಂಗಳೂರಿಗೆ ಬಂದರು. 2000ದ ಡಿಸೆಂಬರಿನಲ್ಲಿ ಆರಂಭವಾದ ಈಟಿವಿ ಕನ್ನಡ ವಾಹಿನಿಯಲ್ಲಿ ಕುವೆಂಪು, ಬೇಂದ್ರೆ, ಶಿವರಾಮ ಕಾರಂತ, ರಾಜಕುಮಾರ್ ಅವರ ಕುರಿತು ಅವರು ನಡೆಸಿಕೊಟ್ಟ ನಮನ ಕಾರ್ಯಕ್ರಮಗಳನ್ನು ಆ ಕಾಲದ ನೋಡುಗರು ಮರೆತಿಲ್ಲ. ಹಾಡು ಬರೆಯುವ ಕಾಯ್ಕಿಣಿ ‘ಮುಂಗಾರು ಮಳೆ’ಯಿಂದ ಮನೆಮಾತಾದದ್ದು 2006ರ ಕೊನೆಗೆ, ಮಾತಾಡಿಸುವ ಕಾಯ್ಕಿಣಿಯನ್ನು ಕನ್ನಡಿಗರು ಅದಕ್ಕೂ ಮೊದಲೇ ಕಂಡಿದ್ದರು.

ಎರಡೂ ಬಗೆಗಳ ನಡುವಿನ ವ್ಯತ್ಯಾಸ ಗಮನಾರ್ಹ. ನಮನ ಕಾರ್ಯಕ್ರಮಗಳ ನಾಯಕರಲ್ಲಿ ಕುವೆಂಪು, ಬೇಂದ್ರೆ, ಕಾರಂತರು ವಾಹಿನಿ ಹುಟ್ಟುವ ಮೊದಲೇ ತೀರಿಕೊಂಡಿದ್ದರು. ಉಳಿದದ್ದು ಅವರನ್ನು ಕಂಡವರ ನೆನಪು, ಬರೆದ ಅಕ್ಷರ. ಕೆಂಪು ಕುರ್ಚಿಯಲ್ಲಾದರೋ ನಾಯಕ ಬದುಕಿದ್ದು, ತನ್ನ ಬಗ್ಗೆ ಹೇಳಿದ್ದನ್ನು ತಾನೇ ಕೇಳುತ್ತಾನೆ. ಇದರಿಂದ ಕಣ್ಣೀರು ಹೆಚ್ಚುತ್ತದೆ, ಸತ್ಯ ಕೊಂಚ ಕಡಿಮೆಯಾಗುತ್ತದೆ.

ಅಣ್ಣ ಹೇಳಿದ ತಮ್ಮನ ಕಥೆ

ಭಟ್ಕಳ ತಾಲೂಕಿನ ಶಿರಾಲಿ, ಸಾರಸ್ವತ ಸಮುದಾಯದ ಚಿತ್ರಾಪುರ ಮಠವಿರುವ ಊರು. ನಟ ಅನಂತನಾಗ್ ಅವರ ಬಾಲ್ಯದ ಒಂದು ಭಾಗ ಈ ಮಠದ ಪರಿಸರದಲ್ಲಿ, ಇನ್ನೊಂದು ಭಾಗ ಕಾಸರಗೋಡು ಜಿಲ್ಲೆಯ ಕಾಞಂಗಾಡಿನ ಆನಂದಾಶ್ರಮದಲ್ಲಿ ಕಳೆಯಿತು. ಮುಂದೆ ಮುಂಬಯಿಯ ರಂಗಭೂಮಿ, 1973ರ ‘ಸಂಕಲ್ಪ’, 1974ರ ‘ಅಂಕುರ್’. ಐದು ದಶಕ ಮೀರಿದ ಆ ಪಯಣಕ್ಕೆ 2025ರಲ್ಲಿ ಪದ್ಮಭೂಷಣ ಸಂದಿತು.

ತಮ್ಮ ಶಂಕರನಾಗ್ ಹುಟ್ಟಿದ್ದು 1954ರ ನವೆಂಬರ್ 9ರಂದು, ಹೊನ್ನಾವರ ತಾಲೂಕಿನಲ್ಲಿ. ‘ಒಂದಾನೊಂದು ಕಾಲದಲ್ಲಿ’ ಚಿತ್ರದಿಂದ ತೊಡಗಿ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಮೂಲಕ ಇಡೀ ದೇಶದ ಮನೆಗಳನ್ನು ತಲುಪಿದ ಅವರು, 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಆನಗೋಡು ಬಳಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ವಯಸ್ಸು ಮೂವತ್ತಾರು ತುಂಬಿರಲಿಲ್ಲ. ಕನ್ನಡದಲ್ಲಿ ಆಗ ಇದ್ದದ್ದು ದೂರದರ್ಶನ ಒಂದೇ. ಬದುಕನ್ನು ತಾಸುಗಟ್ಟಲೆ ಕೂರಿಸಿ ಕೇಳುವ ವೇದಿಕೆಯಾಗಲಿ, ಮೇಷ್ಟ್ರನ್ನು ಹುಡುಕಿ ತರುವ ತಂಡವಾಗಲಿ ಇರಲಿಲ್ಲ. ಶಂಕರನಾಗ್ ತಮ್ಮ ಬದುಕಿನಿಂದ ಏನು ಕಲಿತೆನೆಂದು ಹೇಳುವ ವಯಸ್ಸಿಗೇ ಬರಲಿಲ್ಲ ಎನ್ನಬೇಕು. ಆ ಕಥೆಯನ್ನು ಕನ್ನಡಿಗರಿಗೆ ಹೇಳಿದವರು ಅನಂತನಾಗ್. ‘ನನ್ನ ತಮ್ಮ ಶಂಕರ’ ಎಂಬ ಪುಸ್ತಕವನ್ನೇ ಬರೆದರು. ಅಣ್ಣನೇ ಸಾಕ್ಷಿಯಾಗಿ ನಿಂತ ಆ ಬರಹ, ಕುರ್ಚಿ ಬರಿದಾಗಿದ್ದಾಗ ಸಾಕ್ಷಿಯ ಮಾತಿಗೆ ಎಷ್ಟು ತೂಕವಿರುತ್ತದೆ ಎಂಬುದಕ್ಕೆ ಉದಾಹರಣೆ.

ಭಟ್ಕಳ ತಾಲೂಕಿನ ಮುರ್ಡೇಶ್ವರದಿಂದ ಹೊರಟು ಗುತ್ತಿಗೆದಾರರಾಗಿ, ಉದ್ಯಮಿಯಾಗಿ ಬೆಳೆದ ಆರ್.ಎನ್. ಶೆಟ್ಟಿ ಇನ್ನೊಂದು ಮಾದರಿ. 1928ರಲ್ಲಿ ಜನಿಸಿದ ಅವರು 2020ರ ಡಿಸೆಂಬರಿನಲ್ಲಿ ನಿಧನರಾದರು. ಹುಟ್ಟೂರಿನ ಕಡಲ ದಂಡೆಯಲ್ಲಿ ಅವರು ನಿಲ್ಲಿಸಿದ ಶಿವನ ವಿಗ್ರಹವೂ ಎತ್ತರದ ರಾಜಗೋಪುರವೂ ಹೆದ್ದಾರಿಯಲ್ಲಿ ಹೋಗುವವರನ್ನು ಈಗಲೂ ತಿರುಗಿ ನೋಡುವಂತೆ ಮಾಡುತ್ತವೆ.

ಭಟ್ಕಳ ಪಟ್ಟಣದ ಕಥೆ ಬೇರೆಯೇ ಭಾಷೆಯಲ್ಲಿದೆ. ಕೊಲ್ಲಿ ದೇಶಗಳಿಗೆ ಹೋಗಿ ದುಡಿದು, ವ್ಯಾಪಾರ ಕಟ್ಟಿ, ಊರಿಗೆ ಮರಳಿದ ನವಾಯತ ಹಿರಿಯರ ಅನುಭವ ನವಾಯತಿಯಲ್ಲಿ, ಮನೆಯ ಜಗಲಿಯಲ್ಲಿ ಹರಿದಾಡುತ್ತದೆ. 1919ರಲ್ಲಿ ಅಲ್ಲಿ ಸ್ಥಾಪನೆಯಾದ ಅಂಜುಮನ್ ಹಾಮಿ ಎ ಮುಸ್ಲಿಮೀನ್ ಶಿಕ್ಷಣ ಸಂಸ್ಥೆ ನೂರು ವರ್ಷ ದಾಟಿದೆ. ಕನ್ನಡ ವಾಹಿನಿಗಳ ಕ್ಯಾಮೆರಾ ಈ ಪಟ್ಟಣಕ್ಕೆ ಬರುವುದು ಹೆಚ್ಚಾಗಿ ಬೇರೆ ಸುದ್ದಿಗಳಿಗಾಗಿ. ಆ ಜಗಲಿಯ ಕಥೆಗಳು ಕನ್ನಡದ ನೋಡುಗರಿಗೆ ದಕ್ಕದಿರುವುದರಿಂದ ನಷ್ಟ ಎರಡೂ ಕಡೆಗೆ.

ಸನ್ಮಾನದ ಕುರ್ಚಿ

ಬದುಕಿರುವವರನ್ನು ಕುರ್ಚಿಯಲ್ಲಿ ಕೂರಿಸಿ, ಅವರ ಎದುರೇ ಅವರ ಜೀವನವನ್ನು ಹೇಳುವುದು ಅಮೆರಿಕೆಯಿಂದ ಬಂದ ಪದ್ಧತಿ ಎಂದರೆ ಹೊನ್ನಾವರದ ಯಾವ ಹಳ್ಳಿಯವರೂ ನಕ್ಕಾರು. ಹಾರ, ಶಾಲು, ಫಲತಾಂಬೂಲ, ಸನ್ಮಾನಪತ್ರ ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಅಭಿನಂದನಾ ನುಡಿ: ದೇವಸ್ಥಾನದ ಅಂಗಳದಲ್ಲಿ, ಶಾಲೆಯ ವಾರ್ಷಿಕೋತ್ಸವದಲ್ಲಿ, ಯಕ್ಷಗಾನ ಬಯಲಾಟದ ನಡುವಿನ ಬಿಡುವಿನಲ್ಲಿ ಇದು ನಡೆದೇ ಇದೆ. ಅಭಿನಂದನಾ ನುಡಿಯಾಡುವವನು ಬಾಲ್ಯದ ಕಷ್ಟದಿಂದ ತೊಡಗುತ್ತಾನೆ. ಸನ್ಮಾನಿತ ಮುಖ ತಗ್ಗಿಸಿ ಕೇಳುತ್ತಾನೆ. ಕೊನೆಗೆ ಆತ ಎದ್ದು ನಾಲ್ಕು ಮಾತಾಡುತ್ತಾನೆ. ಆ ನಾಲ್ಕು ಮಾತು ಸಾಮಾನ್ಯವಾಗಿ ನಲವತ್ತಾಗುತ್ತದೆ. ರಮೇಶ್ ಅವರ ಕಾರ್ಯಕ್ರಮ ಹಳ್ಳಿಯವರಿಗೂ ಪೇಟೆಯವರಿಗೂ ಒಂದೇ ಸಲಕ್ಕೆ ಹತ್ತಿರವಾದದ್ದರ ಗುಟ್ಟು ಬಹುಶಃ ಇದು. ಬೆಳಕಿನ ವ್ಯವಸ್ಥೆ ಹೊಸದು, ಕಲಾಪ ಹಳೆಯದು.

ಇದೇ ನೆಲದಲ್ಲಿ ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಪದ್ಧತಿಯೂ ಇದೆ. ಅದು ತಾಳಮದ್ದಲೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ್ಯಕ್ಕೆ ಅರ್ಥಧಾರಿಗಳು ಕುಳಿತಲ್ಲೇ ಮಾತಿನಿಂದ ಪಾತ್ರ ಕಟ್ಟುತ್ತಾರೆ. ವಾಲಿವಧೆಯ ಪ್ರಸಂಗದಲ್ಲಿ ಬಾಣ ನಾಟಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ: ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ? ರಾಮನ ಪಾತ್ರಧಾರಿ ಉತ್ತರಿಸಲೇಬೇಕು, ಉತ್ತರ ಸಪ್ಪೆಯಾದರೆ ಸಭೆಗೆ ಗೊತ್ತಾಗುತ್ತದೆ. ಅರ್ಥಗಾರಿಕೆ ಕೇಳಿ ಬೆಳೆದ ಕಿವಿಗೆ ಟೀವಿಯ ಸಂದರ್ಶನದಲ್ಲಿ ಕೊರತೆಯಾಗಿ ಕಾಣುವುದು ಈ ವಾಲಿಯ ಪ್ರಶ್ನೆ. ಕೆಂಪು ಕುರ್ಚಿಯಲ್ಲಿ ಕುಳಿತ ರಾಜಕಾರಣಿಯಾಗಲಿ, ತಾರೆಯಾಗಲಿ ಅದನ್ನು ಎದುರಿಸಬೇಕಾಗಿ ಬರಲಿಲ್ಲ. ರಮೇಶ್ ಸಜ್ಜನಿಕೆಯ ನಿರೂಪಕರು. ಅತಿಥಿಯನ್ನು ಮುಜುಗರಕ್ಕೆ ಈಡುಮಾಡುವುದು ಕಾರ್ಯಕ್ರಮದ ಉದ್ದೇಶವೂ ಆಗಿರಲಿಲ್ಲ. ಆದರೆ ಅಧಿಕಾರದಲ್ಲಿರುವವರು ಅತಿಥಿಗಳಾದಾಗ ಬರೀ ಅಭಿನಂದನಾ ನುಡಿ ಸಾಲುವುದಿಲ್ಲ. ಸೋಲು, ತಪ್ಪು, ಯಾರಿಗೋ ಮಾಡಿದ ಅನ್ಯಾಯ ಇವುಗಳನ್ನು ಬಿಟ್ಟ ಬದುಕಿನಿಂದ ಕಲಿಯುವ ಪಾಠ ಅರ್ಧದ್ದು.

ಮಾತಿಗೆ ಸಿಗದ ಪಾಠ

ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಕಟ್ಟಿದ್ದು 1934ರಲ್ಲಿ. ಮಗ ಶಂಭು ಹೆಗಡೆ ದಿಲ್ಲಿಯಲ್ಲಿ ಮಾಯಾರಾವ್ ಅವರಲ್ಲಿ ನೃತ್ಯ ಸಂಯೋಜನೆ ಕಲಿತು ಬಂದು, 1986ರಲ್ಲಿ ಗುಣವಂತೆಯಲ್ಲಿಯೇ ಶ್ರೀಮಯ ಯಕ್ಷಗಾನ ರಂಗಶಿಕ್ಷಣ ಕೇಂದ್ರವನ್ನು ತೆರೆದರು. 2009ರ ಫೆಬ್ರವರಿಯಲ್ಲಿ ಇಡಗುಂಜಿಯಲ್ಲಿ ರಾಮನ ಪಾತ್ರ ನಿರ್ವಹಿಸಿದ ಬೆನ್ನಲ್ಲೇ ಅವರು ತೀರಿಕೊಂಡರು. ಮನೆಯ ದೇವರ ಎದುರು, ಮನೆಯ ಮೇಳದ ರಂಗಸ್ಥಳದಲ್ಲಿ ಬದುಕು ಮುಗಿದ ಆ ಬಗೆಯನ್ನು ಊರಿನವರು ಇಂದಿಗೂ ದನಿ ತಗ್ಗಿಸಿ ಹೇಳುತ್ತಾರೆ.

ಅದೇ ತಾಲೂಕಿನ ಚಿಟ್ಟಾಣಿ ರಾಮಚಂದ್ರ ಹೆಗಡೆ 1933ರಲ್ಲಿ ಜನಿಸಿದವರು. ಶಾಲೆ ಕಂಡದ್ದು ಅಲ್ಪ. ಭಸ್ಮಾಸುರ, ಕೀಚಕ, ದುಷ್ಟಬುದ್ಧಿ ಪಾತ್ರಗಳಲ್ಲಿ ಬಡಗುತಿಟ್ಟಿನ ಪ್ರೇಕ್ಷಕರನ್ನು ಅರ್ಧ ಶತಮಾನಕ್ಕೂ ಮಿಕ್ಕಿ ಆಳಿದರು. 2012ರಲ್ಲಿ ಪದ್ಮಶ್ರೀ ಬಂತು. 2017ರ ಅಕ್ಟೋಬರ್ 3ರಂದು ನಿಧನರಾದರು. ಇಳಿವಯಸ್ಸಿನಲ್ಲೂ ಅವರು ಗೆಜ್ಜೆ ಬಿಚ್ಚಿರಲಿಲ್ಲ. ಚಿಟ್ಟಾಣಿಯವರ ಜೀವನಪಾಠ ಏನೆಂದು ಕೇಳಿದರೆ ಅಭಿಮಾನಿಗಳು ಮಾತಿನಲ್ಲಿ ಹೇಳುವುದಿಲ್ಲ. ಕೀಚಕ ಸೈರಂಧ್ರಿಯನ್ನು ಮೊದಲು ಕಂಡಾಗ ಅವರ ಕಣ್ಣು, ಕತ್ತು, ಹೆಜ್ಜೆ ಹೇಗಿದ್ದವು ಎಂದು ಎದ್ದು ನಿಂತು ತೋರಿಸುತ್ತಾರೆ. ಕುರ್ಚಿಯಲ್ಲಿ ಕುಳಿತು ಹೇಳಲಾಗದ ಇಂಥ ಬದುಕನ್ನು ಸ್ಟುಡಿಯೊ ಹೇಗೆ ಹಿಡಿಯಬೇಕು ಎಂಬುದು ಸುಲಭದ ಪ್ರಶ್ನೆಯಲ್ಲ.

ದೂರದ ಪ್ರಶ್ನೆಯೂ ಇದೆ. ಈ ಮೂರು ತಾಲೂಕುಗಳಿಂದ ಬೆಂಗಳೂರು ನಾನೂರು ಕಿಲೋಮೀಟರಿಗೂ ಹೆಚ್ಚು, ಒಂದು ರಾತ್ರಿಯ ಬಸ್ ಪ್ರಯಾಣ. ಎಂಬತ್ತು ದಾಟಿದ ಮೇಷ್ಟ್ರು, ಮದ್ದಲೆಗಾರ, ನೆರೆಮನೆಯ ಅಜ್ಜಿ ಅಷ್ಟು ದೂರ ಬಂದು ಬೆಳಗುವ ದೀಪಗಳ ನಡುವೆ ನಿಲ್ಲುವುದು ಕಷ್ಟ. ಬಂದರೂ ಹವ್ಯಕ ಕನ್ನಡ, ಹಾಲಕ್ಕಿ ಕನ್ನಡ, ಕೊಂಕಣಿ ಬೆರೆತ ಅವರ ನುಡಿ ಅಲ್ಲಿ ತುಸು ಬಿಗಿದುಕೊಳ್ಳುತ್ತದೆ. ಕ್ಯಾಮೆರಾ ಘಟ್ಟ ಇಳಿದು ಬಂದರೆ ಅವರು ತಮ್ಮ ಅಂಗಳದಲ್ಲಿ, ತಮ್ಮ ಮಾತಿನಲ್ಲಿ ಹೇಳಿಯಾರು. ಚಿಟ್ಟಾಣಿಯವರೊಂದಿಗೆ ರಾತ್ರಿಯಿಡೀ ವೇಷ ಕಟ್ಟಿದವರಲ್ಲಿ, ಗೌರೀಶರ ತರಗತಿಯಲ್ಲಿ ಕುಳಿತವರಲ್ಲಿ ಇಂದು ಉಳಿದವರು ಕೆಲವರೇ.

ಗುಣವಂತೆಯಲ್ಲಿ ಕೆರೆಮನೆ ಶಂಭು ಹೆಗಡೆ ಹೆಸರಿನ ನಾಟ್ಯೋತ್ಸವವನ್ನು ಮಗ ಶಿವಾನಂದ ಹೆಗಡೆ ನಡೆಸಿಕೊಂಡು ಬಂದಿದ್ದಾರೆ. ನೃತ್ಯ, ಆಟಗಳ ನಡುವೆ ಅಲ್ಲಿಯೂ ಹಿರಿಯ ಕಲಾವಿದರನ್ನು ವೇದಿಕೆಗೆ ಕರೆದು ಕುರ್ಚಿಯಲ್ಲಿ ಕೂರಿಸುತ್ತಾರೆ, ಶಾಲು ಹೊದಿಸುತ್ತಾರೆ. ಬಲ್ಲವರೊಬ್ಬರು ಎದ್ದು ಅವರ ಬದುಕನ್ನು ಹೇಳತೊಡಗುತ್ತಾರೆ.